ಇನ್ನೂರ ಹದಿನಾಲ್ಕನೆಯ ಪುಟ

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಕಾಲೇಜು ಗ್ರಂಥಾಲಯದ ಅಟೆಂಡರ್ ಅಂದಿನ ಟಪಾಲನ್ನು ತಂದು ಪರಾಮರ್ಶನ ವಿಭಾಗದ ಮೇಜಿನ ಮೇಲಿಟ್ಟರು. ಮೇಲಿದ್ದ ಕಂದು ಲಕೋಟೆಯನ್ನು ಮಾತ್ರ ಎರಡು ಬೆರಳಲ್ಲಿ ಎತ್ತಿ ತೂಗಿ ನೋಡಿದರು.

"ಹನ್ನೊಂದು ದಿನ ಕಾದಿದ್ದು ಇದಕ್ಕಾ ಮೇಡಂ? ಒಳಗಿರೋದು ಪುಸ್ತಕಾನೋ, ಯಾರದ್ದಾದ್ರೂ ಮದುವೆ ಕಾಗದಾನೋ?"

"ಮೊದಲು ರಿಜಿಸ್ಟರಿಗೆ ಹತ್ತಿಸಿ. ಆಮೇಲೆ ತೂಕ ಮಾಡಿ," ಎಂದರು ಗ್ರಂಥಪಾಲಕಿ ಮೇಡಂ.

ಅಟೆಂಡರ್ ಟಪಾಲು ರಿಜಿಸ್ಟರಿನಲ್ಲಿ ತಾರೀಖು, ನಂಬರು ಬರೆದು, ಉಳಿದ ಕಾಗದಗಳನ್ನು ಎತ್ತಿಕೊಂಡು ಆಫೀಸಿನ ಕಡೆ ಹೋದರು. ಮೇಡಂ ಉಕ್ಕಿನ ಸ್ಕೇಲಿನಿಂದ ಲಕೋಟೆಯ ಅಂಚು ಸೀಳಿದರು. ಒಳಗಿದ್ದದ್ದು ಬೂದು ಕಾಗದದ ಹೊದಿಕೆಯ ಒಂದು ತೆಳು ಪುಸ್ತಕ. ಬೆನ್ನಿಗೆ ಹೊಡೆದ ಪಿನ್ನುಗಳು ತುಕ್ಕು ಹಿಡಿದಿದ್ದವು. ದಾರದ ಗಿರಣಿಯೊಂದರಲ್ಲಿ ಹೆಂಗಸರ ಕೆಲಸ ಹೇಗಿದೆ ಎಂದು ಐವತ್ತು ವರ್ಷದ ಹಿಂದೆ ಮೂವರು ಹೋಗಿ ನೋಡಿ ಬರೆದ ವರದಿ ಅದು. ಮೇಡಂ ಕೊನೆಯ ಹಾಳೆ ತಿರುವಿದರು. ಪುಟ ತೊಂಬತ್ತಾರು.

ಅವರಿಗೆ ಬೇಕಾಗಿದ್ದದ್ದು ಇನ್ನೂರ ಹದಿನಾಲ್ಕನೆಯ ಪುಟ.

ಇಪ್ಪತ್ತೆಂಟು ವರ್ಷ ಪುಸ್ತಕಗಳ ನಡುವೆ ಕಳೆದವರು ಅಷ್ಟಕ್ಕೇ ಗಾಬರಿಯಾಗುವುದಿಲ್ಲ. ಎರಡನೆಯ ಸಂಪುಟ ಇರಬಹುದೇ ಎಂದು ಶೀರ್ಷಿಕೆ ಪುಟದ ಹಿಂಬದಿ ನೋಡಿದರು, ಇರಲಿಲ್ಲ. ಅನುಬಂಧಕ್ಕೆ ಬೇರೆ ಸಂಖ್ಯೆ ಕೊಟ್ಟಿರಬಹುದೇ ಎಂದು ಹುಡುಕಿದರು, ಅನುಬಂಧವೇ ಇರಲಿಲ್ಲ. ಹಾಳೆ ಕಿತ್ತುಹೋಗಿದೆಯೇ ಎಂದು ಪಿನ್ನಿನ ಬಳಿ ಬೆರಳಾಡಿಸಿದರು, ಎಲ್ಲ ಗಟ್ಟಿಯಾಗಿತ್ತು. ಪುಸ್ತಕ ಕಳಿಸಿದ ದೊಡ್ಡ ಗ್ರಂಥಾಲಯಕ್ಕೆ ಫೋನ್ ಮಾಡಿ, ಇದರ ಬೇರೆ ಮುದ್ರಣ ಉಂಟೇ ಎಂದು ಕೇಳಿದರು. "ಒಂದೇ ಸಲ ಅಚ್ಚಾಗಿದ್ದು ಮೇಡಂ. ಇನ್ನೂರು ಪ್ರತಿ," ಎಂದಿತು ಆ ಕಡೆಯ ದನಿ. ಆಮೇಲೆ ಅವರು ಮೊದಲ ಪುಟದಿಂದ ಓದುತ್ತಾ ಹೋದರು. ಅರವತ್ತೊಂದನೆಯ ಪುಟದಲ್ಲಿ ಬೆರಳು ನಿಂತಿತು. ಆ ಪುಟವನ್ನು ಎರಡು ಸಲ ಓದಿ, ಪುಸ್ತಕವನ್ನು ಮೇಜಿನ ಕೆಳಖಾನೆಗೆ ಹಾಕಿ, ಬೀಗ ತಿರುಗಿಸಿದರು.

ಹನ್ನೊಂದೂವರೆಗೆ ಫೋನ್ ಬಂತು. ಹನ್ನೊಂದು ದಿನದಿಂದ ಆ ಪುಸ್ತಕಕ್ಕಾಗಿ ಒದ್ದಾಡುತ್ತಿದ್ದ ವಿದ್ಯಾರ್ಥಿನಿಯದು.

"ಮೇಡಂ, ನಾನು. ಪುಸ್ತಕ ಏನಾದ್ರೂ ಬಂತಾ?"

"ಇನ್ನೂ ಇಲ್ಲಮ್ಮ. ನಾಳೆ ನೋಡೋಣ."

ಫೋನ್ ಇಟ್ಟ ಮೇಲೆ ಮೇಡಂ ಎದ್ದು ಹೋಗಿ ಕೈ ತೊಳೆದು ಬಂದರು. ಕೈಗೆ ಏನೂ ಆಗಿರಲಿಲ್ಲ.

ಅವರಿಗೆ ಐವತ್ತನಾಲ್ಕು ವರ್ಷ. ಕಾಲೇಜಿನಲ್ಲಿ ಇತಿಹಾಸದ ಡಾಕ್ಟರೇಟ್ ಇರುವ ಗ್ರಂಥಪಾಲಕಿ ಅವರೊಬ್ಬರೇ. ಬಾಗಿಲ ಫಲಕದ ಮೇಲೆ ಹೆಸರಿನ ಮುಂದೆ 'ಡಾ.' ಎಂಬುದು ಹಿತ್ತಾಳೆಯಲ್ಲಿದೆ. ವಿದ್ಯಾರ್ಥಿಗಳು ಹಿಂದಿನಿಂದ ಅವರನ್ನು 'ಪುಟಸಂಖ್ಯೆ ಮೇಡಂ' ಎನ್ನುತ್ತಾರೆ. ಯಾರಾದರೂ ಟಿಪ್ಪಣಿ ತೋರಿಸಲು ಬಂದರೆ ಅವರ ಬಾಯಿಂದ ಮೊದಲು ಬರುವ ಮಾತು ಅದೇ: "ಪುಟಸಂಖ್ಯೆ?" ಕ್ಯಾಂಟೀನಿನಲ್ಲಿ ಟೀ ಕೇಳಿದರೂ ಮೇಡಂ ಪುಟಸಂಖ್ಯೆ ಕೇಳುತ್ತಾರೆ ಎಂಬ ಜೋಕು ಹಳೆಯದು. ಅದು ಅವರಿಗೂ ಗೊತ್ತು, ಬೇಸರವಿಲ್ಲ.

ಪ್ರತಿ ವರ್ಷ ಎಂ.ಎ. ವಿದ್ಯಾರ್ಥಿಗಳಿಗೆ ಅವರದೊಂದು ಎರಡು ಗಂಟೆಯ ಪಾಠ ಇರುತ್ತದೆ. ಆಧಾರ ಹುಡುಕುವುದು ಹೇಗೆ, ಹೇಳುವುದು ಹೇಗೆ. ಕಪಾಟುಗಳ ನಡುವೆ ನಡೆಸಿಕೊಂಡು ಹೋಗಿ, ವಿಷಯಸೂಚಿ, ಗ್ರಂಥಸೂಚಿ, ಹಳೆಯ ಪತ್ರಿಕೆಗಳ ಕಟ್ಟು ಎಲ್ಲ ಮುಟ್ಟಿಸಿ, ಕೊನೆಗೆ ಕುರ್ಚಿಗೆ ಒರಗಿ ಹೇಳುವ ಮಾತು ಹಳೆಯ ವಿದ್ಯಾರ್ಥಿಗಳಿಗೆ ಬಾಯಿಪಾಠ.

"ಊಟ ಮಾಡಿದವರು ಯಾರ ಮನೇಲಿ ಮಾಡಿದ್ದು ಅಂತ ಹೇಳ್ಬೇಕು. ಪಕ್ಕದ ಮನೆಯವರು ಉಂಡು ಬಂದು ರುಚಿ ಹೇಳಿದ್ರೆ, 'ಪಕ್ಕದ ಮನೆಯವರು ಹೇಳಿದ್ರು' ಅನ್ನಿ. ಅದರಲ್ಲಿ ಅವಮಾನ ಏನೂ ಇಲ್ಲ. ಆದ್ರೆ ನೀವೇ ಉಂಡ ಹಾಗೆ ತೇಗ್ಬೇಡಿ."

ಅಂದರೆ, ಮೂಲ ಪುಸ್ತಕವನ್ನು ಕಣ್ಣಾರೆ ನೋಡಿದ್ದರೆ ಮಾತ್ರ ಅದರ ಹೆಸರು ಹಾಕಬೇಕು. ಇನ್ನೊಬ್ಬರ ಪುಸ್ತಕದಲ್ಲಿ ಅದರ ಸಾಲು ಸಿಕ್ಕಿದ್ದರೆ, ಇಂಥವರ ಪುಸ್ತಕದಲ್ಲಿ ಉಲ್ಲೇಖಿತ ಎಂದು ಬರೆದು, ತಾವು ನೋಡಿದ ಪುಸ್ತಕದ ಪುಟ ಕೊಡಬೇಕು. ಇಷ್ಟೇ ನಿಯಮ.

ಫೋನ್ ಮಾಡಿದ ವಿದ್ಯಾರ್ಥಿನಿಗೆ ನಲವತ್ತೆರಡು ವರ್ಷ. ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ಕೆಲಸ. ತರಗತಿಯಲ್ಲಿ ಎಲ್ಲರೂ ಅವರನ್ನು 'ಆಸ್ಪತ್ರೆ ಅಕ್ಕ' ಎಂದೇ ಕರೆಯುತ್ತಾರೆ. ಆ ಪಾಠದಲ್ಲಿ ಎರಡು ಗಂಟೆಯೂ ಬರೆದುಕೊಂಡವರು ಅವರೊಬ್ಬರೇ. ದಾರದ ಗಿರಣಿಯ ಹೆಂಗಸರ ಬಗ್ಗೆ ಕಿರುಪ್ರಬಂಧ ಬರೆಯುತ್ತೇನೆ ಎಂದಾಗ ಮೇಡಂ ತಮ್ಮದೇ ಇಪ್ಪತ್ತಾರು ವರ್ಷ ಹಳೆಯ ಡಾಕ್ಟರೇಟ್ ಪ್ರಬಂಧವನ್ನು ಕಪಾಟಿನಿಂದ ತೆಗೆದುಕೊಟ್ಟಿದ್ದರು. "ಇದರ ಅಡಿಟಿಪ್ಪಣಿಗಳನ್ನ ನೋಡಿ. ಹೇಗೆ ಹಾಕ್ಬೇಕು ಅಂತ ಗೊತ್ತಾಗುತ್ತೆ."

ಆ ಪ್ರಬಂಧದಲ್ಲಿ ಒಂದು ಉದ್ಧರಣೆ ಇತ್ತು. ಗಿರಣಿಯಲ್ಲಿ ಹೆಂಗಸರು ಕೂತು ಕೆಲಸ ಮಾಡುತ್ತಿದ್ದ ಬೆಂಚುಗಳನ್ನು ಆಡಳಿತದವರು ತೆಗೆಸಿಹಾಕಿದ ಕಥೆ. 'ಬೆಂಚುಗಳನ್ನು ತೆಗೆಯುವುದಕ್ಕೆ ಹೆಂಗಸರು ತಾವಾಗಿಯೇ ಒಪ್ಪಿದರು.' ಕೆಳಗೆ ಅಡಿಟಿಪ್ಪಣಿ: ಗಿರಣಿ ವರದಿ, ಪುಟ 214.

ಆಸ್ಪತ್ರೆ ಅಕ್ಕನ ಅತ್ತೆ ಅದೇ ಗಿರಣಿಯಲ್ಲಿ ಹದಿನೇಳು ವರ್ಷ ದುಡಿದವರು. ಸೊಸೆ ಆ ಸಾಲನ್ನು ಓದಿ ಹೇಳಿದಾಗ ಮುದುಕಿ ಕನ್ನಡಕ ತೆಗೆದು ಸೊಸೆಯ ಮುಖ ನೋಡಿದರು.

"ನಾವು ಒಪ್ಪಿದ್ವಂತಾ? ಬೆಳಿಗ್ಗೆ ಹೋದಾಗ ಬೆಂಚು ಇರ್ಲಿಲ್ಲ, ಅಷ್ಟೇ. ಕೇಳಿದ್ದು ಯಾರನ್ನ, ಬೆಂಚನ್ನಾ?"

ಸೊಸೆ ಇದನ್ನು ಮೇಡಂಗೆ ಬಂದು ಹೇಳಿದ್ದರು. ಅತ್ತೆ ಹೀಗಂತಾರೆ, ಏನು ಮಾಡಲಿ? ಮೇಡಂ ನಕ್ಕು, ಮನೆಯವರ ಮಾತು ಆಧಾರವಾಗುವುದಿಲ್ಲ, ವಯಸ್ಸಾದವರಿಗೆ ನೆನಪು ಕಲಸುತ್ತದೆ, ಅಚ್ಚಾದ ವರದಿ ಇರುವಾಗ ಅದನ್ನೇ ಹಿಡಿಯಿರಿ ಎಂದಿದ್ದರು. "ಆ ವರದಿ ನಾನು ನೋಡಿದ್ದೀನಿ. ಹಸಿರು ರಟ್ಟಿನ ದಪ್ಪ ಪುಸ್ತಕ," ಎಂದೂ ಸೇರಿಸಿದ್ದರು. ಆಗ ಅವರು ಸುಳ್ಳು ಹೇಳಿರಲಿಲ್ಲ. ಹಾಗೆಂದೇ ನಂಬಿದ್ದರು.

ಅಕ್ಕ ಆ ಸಾಲನ್ನೂ ಅಡಿಟಿಪ್ಪಣಿಯನ್ನೂ ಇದ್ದ ಹಾಗೆ ತಮ್ಮ ಮೂರನೆಯ ಅಧ್ಯಾಯಕ್ಕೆ ಇಳಿಸಿಕೊಂಡರು. ವೈವಾ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕಿ ಅಲ್ಲಿ ಬೆರಳಿಟ್ಟರು.

"ಈ ವರದಿ ಇಷ್ಟು ದೊಡ್ಡದಲ್ಲ ಅಂತ ನನ್ನ ನೆನಪು. ನೀವು ನೋಡಿದ್ದೀರಾ?"

ಅಕ್ಕ ತಲೆ ತಗ್ಗಿಸಿದರು.

"ಎರಡು ವಾರ ಕೊಡ್ತೀನಿ. ಶುಕ್ರವಾರ ಬರ್ತೀನಲ್ಲ, ಆ ಪುಟ ತಂದು ತೋರಿಸಿ. ಇಲ್ಲದ ಪುಟ ಸೃಷ್ಟಿ ಮಾಡಿದ್ರೆ ಅಧ್ಯಾಯ ಹೋಗುತ್ತೆ. ಅಧ್ಯಾಯ ಹೋದ್ರೆ ವರ್ಷ ಹೋಗುತ್ತೆ."

ವರ್ಷ ಹೋದರೆ ಅಕ್ಕನಿಗೆ ಇನ್ನೊಂದು ವರ್ಷ ಸಿಗುವುದಿಲ್ಲ. ಕೋರ್ಸನ್ನು ಒಂದು ಸಲ ಮುಂದೂಡಲು ಮಾತ್ರ ನಿಯಮದಲ್ಲಿ ಅವಕಾಶ. ಅದನ್ನು ಅತ್ತೆಯ ಮಂಡಿ ಆಪರೇಷನ್ನಿನ ವರ್ಷ ಬಳಸಿಕೊಂಡಾಗಿತ್ತು.

ಮಂಗಳವಾರ ಸಂಜೆ ಮೇಡಂ ಮನೆಗೆ ಹೋದವರೇ ಅಟ್ಟದ ಮೇಲಿಂದ ತಗಡಿನ ಡಬ್ಬಿ ಇಳಿಸಿದರು. ಡಾಕ್ಟರೇಟ್ ದಿನಗಳ ಟಿಪ್ಪಣಿ ಕಾರ್ಡುಗಳು ಅದರಲ್ಲಿದ್ದವು. ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತರಾದ ಗಂಡ ಬಾಗಿಲಲ್ಲಿ ನಿಂತು ನೋಡಿದರು.

"ಏನೇ, ಮತ್ತೆ ಡಾಕ್ಟರ್ ಆಗೋ ಯೋಚನೆ ಏನಾದ್ರೂ ಇದೆಯಾ? ಒಂದಕ್ಕೇ ಮನೇಲಿ ಅಡ್ಜಸ್ಟ್ ಮಾಡ್ಕೊಂಡಿದ್ದು ಸಾಕು."

"ಸ್ವಲ್ಪ ಸುಮ್ನಿರ್ತೀರಾ?"

ಹೇಳಿದ ದನಿ ಕೇಳಿ ಅವರು ಅಡುಗೆಮನೆಗೆ ಹೋಗಿ ಟೀ ಮಾಡಿ ತಂದು ಪಕ್ಕದಲ್ಲಿಟ್ಟರು.

ಕಾರ್ಡು ಸಿಕ್ಕಿತು. ನೀಲಿ ಶಾಯಿಯಲ್ಲಿ ಮೂರು ಸಾಲು. ಮೊದಲು ಬೆಂಚಿನ ಮಾತು. ಅದರ ಕೆಳಗೆ 'ಮೂಲ: ಗಿರಣಿ ವರದಿ'. ಅದರ ಕೆಳಗೆ 'ನಾನು ನೋಡಿದ್ದು' ಎಂದು ಬರೆದು, ಕೈಗಾರಿಕೆಗಳ ಚರಿತ್ರೆಯ ಒಂದು ಪುಸ್ತಕದ ಹೆಸರು, ಪುಟ 214. ಹಸಿರು ರಟ್ಟಿನ ದಪ್ಪ ಪುಸ್ತಕ ಅದು. ಮೇಡಂ ನೋಡಿದ್ದದ್ದು ಅದನ್ನು. ಗಿರಣಿ ವರದಿಯನ್ನು ಅವರು ಜೀವಮಾನದಲ್ಲಿ ಮೊದಲ ಸಲ ಕೈಯಲ್ಲಿ ಹಿಡಿದದ್ದು ಆ ದಿನ ಬೆಳಿಗ್ಗೆ ಹತ್ತೂಕಾಲಿಗೆ.

ಕಾರ್ಡು ನೋಡುತ್ತಿದ್ದ ಹಾಗೆ ಉಳಿದದ್ದೂ ನೆನಪಾಯಿತು. ಪ್ರಬಂಧದ ಮೊದಲ ಪ್ರತಿಯಲ್ಲಿ ಅವರು ಸರಿಯಾಗಿಯೇ ಬರೆದಿದ್ದರು: ಇಂಥ ಪುಸ್ತಕದಲ್ಲಿ ಉಲ್ಲೇಖಿತ, ಪುಟ 214. ಗೈಡ್ ಕೆಂಪು ಪೆನ್ನಿನಲ್ಲಿ ಒಂದು ಗೀಟು ಎಳೆದು, "ಇದನ್ನ ತೆಗೀರಿ. ಎರವಲು ಅಂತ ಕಾಣುತ್ತೆ. ಮೂಲಾನೇ ಹಾಕಿ, ಆಮೇಲೆ ಹೋಗಿ ನೋಡ್ಕೊಂಡು ಬನ್ನಿ," ಎಂದಿದ್ದರು. ವರದಿ ಇದ್ದ ಗ್ರಂಥಾಲಯಕ್ಕೆ ಬಸ್ಸಿನಲ್ಲಿ ಮೂರು ಗಂಟೆ. ಶನಿವಾರ ಹೋಗುವುದೆಂದು ತೀರ್ಮಾನವಾಯಿತು. ಆ ಶನಿವಾರ ಮಗಳಿಗೆ ಜ್ವರ. ಮುಂದಿನ ಶನಿವಾರದೊಳಗೆ ಟೈಪಿಸ್ಟ್ ಪ್ರತಿ ಕೇಳಿದರು. ಗೀಟು ಎಳೆದ ಪದಗಳು ಹೋದವು, ಪುಟಸಂಖ್ಯೆ ಉಳಿಯಿತು. ದಪ್ಪ ಪುಸ್ತಕದ ಸಂಖ್ಯೆ ತೆಳು ಪುಸ್ತಕದ ಹೆಸರಿಗೆ ಅಂಟಿಕೊಂಡು ಡಾಕ್ಟರೇಟ್ ಪಡೆಯಿತು.

ಗೈಡ್ ಈಗಿಲ್ಲ. "ಸತ್ತವರ ತಲೆಗೆ ಕಟ್ಟೋದು ಸುಲಭ. ಅವರು ಹೋಗಿ ನೋಡು ಅಂದಿದ್ರು. ಹೋಗದೆ ಇದ್ದವಳು ನಾನು," ಎಂದು ಮೇಡಂ ಆಮೇಲೆ ಒಂದು ಕಡೆ ಹೇಳಿದ್ದುಂಟು.

ಬುಧವಾರ ಅವರು ಮಧ್ಯಾಹ್ನದವರೆಗೆ ಪ್ರಬಂಧಗಳ ಕೋಣೆಯಲ್ಲಿದ್ದರು. ಕಬ್ಬಿಣದ ಕಪಾಟು, ಒಂದು ಟ್ಯೂಬ್‌ಲೈಟು, ಒಂದು ಸ್ಟೂಲು. ಗಿರಣಿಯ ಬಗ್ಗೆ, ಹೆಂಗಸರ ದುಡಿಮೆಯ ಬಗ್ಗೆ ಬಂದ ಪ್ರಬಂಧಗಳನ್ನೆಲ್ಲ ಒಂದೊಂದಾಗಿ ಇಳಿಸಿ ಹಿಂಬದಿಯಿಂದ ತಿರುವಿದರು. ಅದೇ ಸಾಲು, ಅದೇ ಪುಟಸಂಖ್ಯೆ ಹನ್ನೊಂದು ಕಡೆ ಸಿಕ್ಕಿತು. ಒಬ್ಬರು 241 ಎಂದು ಮಾಡಿಕೊಂಡಿದ್ದರು. ಇನ್ನೊಬ್ಬರು ಒಂದು ಹೆಜ್ಜೆ ಮುಂದೆ ಹೋಗಿ, 'ಮೂಲ ಪ್ರತಿಯನ್ನು ಸಂಶೋಧಕರು ಖುದ್ದಾಗಿ ಪರಿಶೀಲಿಸಿದ್ದಾರೆ' ಎಂದು ಸೇರಿಸಿದ್ದರು. ಹನ್ನೊಂದು ಜನವೂ ಮೇಡಂ ಪಾಠ ಕೇಳಿದವರು ಅಥವಾ ಮೇಡಂ ಪ್ರಬಂಧ ಓದಿದವರು. ಯಾರೂ ವರದಿ ನೋಡಿರಲಿಲ್ಲ. ಇಪ್ಪತ್ತಾರು ವರ್ಷದಿಂದ ಆ ಗಿರಣಿಯ ಹೆಂಗಸರು ಬೆಂಚು ಬಿಡಲು ಒಪ್ಪುತ್ತಲೇ ಬಂದಿದ್ದರು.

ಅಂದು ಎರಡು ಸಲ ಫೋನ್ ಬಂತು. ಎರಡು ಸಲವೂ ಮೇಡಂ ಇನ್ನೂ ಬಂದಿಲ್ಲ ಎಂದರು. ಎರಡನೆಯ ಸಲ ಕೇಳುವ ಮೊದಲೇ ಹೇಳಿದರು.

ಗುರುವಾರ ಆಸ್ಪತ್ರೆಯ ಊಟದ ಬಿಡುವಿನಲ್ಲಿ ಅಕ್ಕ ತಾವೇ ಬಂದರು. ಕೊರಳಲ್ಲಿ ಗುರುತಿನ ಚೀಟಿ ಹಾಗೇ ಇತ್ತು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಮೇಜಿನ ಎದುರು ಕೂತು ಚೀಲದಿಂದ ಒಂದು ಹಾಳೆ ತೆಗೆದರು.

"ಪುಸ್ತಕ ಬರಲ್ಲ ಅನ್ಸುತ್ತೆ ಮೇಡಂ. ಅದಕ್ಕೆ ಪರೀಕ್ಷಕರಿಗೆ ಒಂದು ಪತ್ರ ಬರ್ದಿದ್ದೀನಿ. ನನ್ನ ಭಾಷೆ ನಿಮಗೆ ಗೊತ್ತಲ್ಲ. ಸ್ವಲ್ಪ ತಿದ್ದಿಕೊಡ್ತೀರಾ?"

ಪತ್ರದಲ್ಲಿ ಎಂಟು ಸಾಲಿತ್ತು. ಪುಟಸಂಖ್ಯೆ ಬರೆದುಕೊಳ್ಳುವಾಗ ತನ್ನಿಂದಲೇ ಅಜಾಗರೂಕತೆಯಾಗಿದೆ, ಗ್ರಂಥಾಲಯದಲ್ಲಿ ಸರಿಯಾಗಿ ಕಲಿಸಿದ್ದರೂ ತಾನು ಪಾಲಿಸಲಿಲ್ಲ, ದಯವಿಟ್ಟು ಕ್ಷಮಿಸಬೇಕು. ಮೇಡಂ ಪ್ರಬಂಧದ ಹೆಸರು ಎಲ್ಲೂ ಇರಲಿಲ್ಲ.

"ನನ್ನ ಥೀಸಿಸ್‌ನಿಂದ ತಗೊಂಡೆ ಅಂತ ಯಾಕೆ ಬರೆದಿಲ್ಲ?"

"ಅಯ್ಯೋ, ನಿಮ್ಮನ್ನ ಯಾಕೆ ಎಳೀಲಿ ಮೇಡಂ? ನೀವು ಸರಿಯಾಗೇ ಬರ್ದಿರ್ತೀರಿ. ನಾನೇ ಅಂಕಿ ಹಿಂದೆ ಮುಂದೆ ಮಾಡ್ಕೊಂಡಿರ್ಬೇಕು. ಆಸ್ಪತ್ರೇಲಿ ದಿನಾ ಸಾವಿರ ನಂಬರ್ ಬರೀತೀನಿ, ತಲೆ ಕೆಟ್ಟಿರುತ್ತೆ."

ಮೇಡಂ ಕೆಂಪು ಪೆನ್ನು ತೆಗೆದುಕೊಂಡರು. ಇದನ್ನು ಬರೆಯದೆ ಬಿಡುವಂತಿಲ್ಲ: ಅವರು ಪತ್ರವನ್ನು ತಿದ್ದಿದರು. ಎರಡು ಕಾಗುಣಿತ ಸರಿಪಡಿಸಿದರು. 'ನನ್ನಿಂದಲೇ' ಎಂಬ ಮಾತು ಎರಡು ಸಲ ಬಂದಿದ್ದರಿಂದ ಒಂದನ್ನು ಹೊಡೆದುಹಾಕಿದರು. ಕೊನೆಗೆ ತಾರೀಖು ಹಾಕಿಲ್ಲ ಎಂದು ತೋರಿಸಿಕೊಟ್ಟು ಹಾಳೆಯನ್ನು ತಿರುಗಿ ಕೊಟ್ಟರು. ಅಕ್ಕ ಎರಡೂ ಕೈಯಲ್ಲಿ ತೆಗೆದುಕೊಂಡು, "ನಿಮಗೆ ಎಷ್ಟು ತೊಂದ್ರೆ ಕೊಟ್ಟೆ," ಎಂದರು.

ಅಷ್ಟರಲ್ಲಿ ಅಟೆಂಡರ್ ವಾಪಸು ಬಂದ ಪುಸ್ತಕಗಳ ಗಾಡಿ ತಳ್ಳಿಕೊಂಡು ಆ ಕಡೆ ಬಂದರು. ಅಕ್ಕನನ್ನು ನೋಡಿ ಅವರ ಮುಖ ಅರಳಿತು.

"ಏನಕ್ಕಾ, ಸಿಕ್ತಾ ನಿಮ್ಮ ನಿಧಿ? ಹನ್ನೊಂದು ದಿನ ನನ್ನ ಪ್ರಾಣ ತಿಂದ್ರಿ. ನೋಡಿದ್ರೆ ಇಷ್ಟು ತೆಳ್ಳಗಿದೆ! ಮಂಗಳವಾರ ಗಾಳಿಗೆ ಹಾರಿಹೋಗುತ್ತೇನೋ ಅಂತ ಕೈಯಲ್ಲೇ ಹಿಡ್ಕೊಂಡು ಬಂದೆ."

ಗಾಡಿಯ ಒಂದು ಚಕ್ರ ಕಿರುಗುಟ್ಟುತ್ತಾ ಕಪಾಟುಗಳ ಹಿಂದೆ ಹೋಯಿತು. ಅಕ್ಕ ಮೇಡಂ ಕಡೆ ನೋಡಿದರು. ಪತ್ರ ಇನ್ನೂ ಕೈಯಲ್ಲಿತ್ತು.

ಭೂಮಿ ಬಾಯಿಬಿಡಬಾರದೇ ಎನ್ನುತ್ತಾರಲ್ಲ, ಮೇಡಂಗೆ ಅಂಥದ್ದೇನೂ ಅನಿಸಲಿಲ್ಲವಂತೆ. ಬೀಗದ ಕೈ ಎರಡು ಸಲ ತಪ್ಪು ಕಡೆ ತಿರುಗಿತು, ಅಷ್ಟೇ ನೆನಪು. ಪುಸ್ತಕ ತೆಗೆದು, ಅರವತ್ತೊಂದನೆಯ ಪುಟ ಬಿಡಿಸಿ, ಮೇಜಿನ ಮೇಲೆ ತಿರುಗಿಸಿಟ್ಟರು. ಪಕ್ಕದಲ್ಲಿ ನೀಲಿ ಶಾಯಿಯ ಕಾರ್ಡು ಇಟ್ಟರು. "ಅಂಕಿ ತಪ್ಪಿದ್ದು ನಿಮ್ಮಿಂದಲ್ಲ. ನನ್ನಿಂದ. ಇಪ್ಪತ್ತಾರು ವರ್ಷದ ಹಿಂದೆ."

ಅಕ್ಕ ಓದಿದರು. ಆಸ್ಪತ್ರೆಯಲ್ಲಿ ದಾಖಲೆ ಓದುವ ಹಾಗೆ, ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ.

"'ಬೆಂಚುಗಳನ್ನು ತೆಗೆಯುವುದಕ್ಕೆ ಹೆಂಗಸರು ತಾವಾಗಿಯೇ ಒಪ್ಪಿದರು ಎಂದು ವಿಭಾಗದ ಮೇಸ್ತ್ರಿ ತಿಳಿಸಿದರು. ಹೆಂಗಸರನ್ನು ಕೇಳಲು ನಮಗೆ ಅವಕಾಶ ಕೊಡಲಿಲ್ಲ.'"

ಹಸಿರು ಪುಸ್ತಕ ಬರೆದವರು ಸಾಲನ್ನು ಅರ್ಧಕ್ಕೆ ಕತ್ತರಿಸಿಕೊಂಡಿದ್ದರು. ಮೇಸ್ತ್ರಿ ಹೋಗಿದ್ದ, ಹೆಂಗಸರನ್ನು ಕೇಳಲು ಬಿಡಲಿಲ್ಲ ಎಂಬ ಮಾತೂ ಹೋಗಿತ್ತು. ಮೂಲ ನೋಡಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

"ನಮ್ಮತ್ತೆ ಇದನ್ನೇ ಹೇಳಿದ್ದು," ಎಂದರು ಅಕ್ಕ. "ಅವರ ಮಾತಿಗೆ ಅಡಿಟಿಪ್ಪಣಿ ಇರ್ಲಿಲ್ಲ ಅಂತ ನಾನು ನಂಬ್ಲಿಲ್ಲ."

ಮೇಡಂ ಏನೋ ಹೇಳಲು ಹೋದರು.

"ಮಂಗಳವಾರದಿಂದ ನಾನು ಸರಿಯಾಗಿ ನಿದ್ದೆ ಮಾಡಿಲ್ಲ ಮೇಡಂ," ಎಂದು ಅಕ್ಕ ದನಿ ಏರಿಸದೆ ಹೇಳಿದರು. "ಯಜಮಾನರಿಗೂ ಹೇಳಿದೆ, ಈ ವಯಸ್ಸಲ್ಲಿ ಓದೋಕೆ ಬಂದದ್ದೇ ತಪ್ಪು ಅಂತ. ಪುಸ್ತಕ ಇಲ್ಲೇ ಇತ್ತು." ಕೈಯಲ್ಲಿದ್ದ ಹಾಳೆ ನೋಡಿ, "ಈ ಪತ್ರಾನೂ ತಿದ್ದಿಕೊಟ್ರಿ," ಎಂದರು.

ಮೇಡಂ ಕೈ ಚಾಚಿ ಪತ್ರವನ್ನು ಕೇಳಿದರು. ಅಕ್ಕ ಕೊಡಲಿಲ್ಲ, ನಾಲ್ಕಾಗಿ ಮಡಿಸಿ ಚೀಲದೊಳಗೆ ಹಾಕಿಕೊಂಡು, ಡ್ಯೂಟಿಗೆ ಹೊತ್ತಾಯಿತೆಂದು ಎದ್ದರು.

ಮೂರು ಗಂಟೆಗೆ ಮೇಡಂ ಒಂದು ಹಾಳೆಯಲ್ಲಿ ನಡೆದದ್ದನ್ನು ಬರೆದುಕೊಂಡು ಇತಿಹಾಸ ವಿಭಾಗದ ಮುಖ್ಯಸ್ಥರ ಕೋಣೆಗೆ ಹೋದರು. ಮುಖ್ಯಸ್ಥರು ಅವರಿಗಿಂತ ಎಂಟು ವರ್ಷ ಚಿಕ್ಕವರು. ಅವರ ಪಾಠ ಕೇಳಿದವರೇ. ಓದಿ ಮುಗಿಸಿ ಎದ್ದು ಬಾಗಿಲು ಮುಂದಕ್ಕೆ ಹಾಕಿದರು.

"ಇಷ್ಟಕ್ಕೆ ಇಷ್ಟು ದೊಡ್ಡದು ಮಾಡ್ಬೇಕಾ ಮೇಡಂ? ಇಪ್ಪತ್ತಾರು ವರ್ಷ ಆಯ್ತು. ಆ ಹೆಣ್ಮಗಳು ಹೇಗೂ ಕ್ಷಮೆ ಕೇಳ್ತಿದ್ದಾಳಂತಲ್ಲ. ಒಂದು ಪುಟಸಂಖ್ಯೆ. ಪರೀಕ್ಷಕರು ಬೈತಾರೆ, ಬಿಡ್ತಾರೆ."

"ಬಿಡದಿದ್ರೆ?"

"ಬಿಡ್ತಾರೆ. ನಾನು ಹೇಳ್ತೀನಿ. ನಿಮ್ಮ ಹೆಸರು ಹಾಳಾದ್ರೆ ಗ್ರಂಥಾಲಯದ ಹೆಸರು ಹಾಳು, ಕಾಲೇಜಿನ ಹೆಸರು ಹಾಳು. ಯೋಚನೆ ಮಾಡಿ."

"ಕಾಲೇಜಿನ ಹೆಸರೊಂದೇ ಅಲ್ಲ ಸರ್. ಆ ಪುಟ ಹಾಕಿರೋರು ಇನ್ನೂ ಹನ್ನೊಂದು ಜನ ಇದ್ದಾರೆ. ಐದನೆಯವರು ನೀವು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ಮುಖ್ಯಸ್ಥರ ಕೈ ತಾನಾಗಿಯೇ ಕಪಾಟಿನ ಕಡೆ ಹೋಯಿತು. ಅಲ್ಲಿ ಅವರ ಪ್ರಬಂಧ ಚಿನ್ನದ ಬಣ್ಣದ ಅಕ್ಷರದಲ್ಲಿ ನಿಂತಿತ್ತು.

"ನಾನು ಮೂಲ ನೋಡಿದ್ದೀನಿ ಅಂತ ನೆನಪು," ಎಂದರು.

"ಖುದ್ದಾಗಿ ಪರಿಶೀಲಿಸಿದ್ದೀನಿ ಅಂತಾನೇ ಬರ್ದಿದ್ದೀರಿ. ನನಗೂ ಮಂಗಳವಾರದ ತನಕ ಹಾಗೇ ನೆನಪಿತ್ತು ಸರ್. ಹಸಿರು ರಟ್ಟು ಅಂತ ಬಣ್ಣಾನೂ ಹೇಳ್ತಿದ್ದೆ."

ಮುಖ್ಯಸ್ಥರು ಹಾಳೆಯ ಮೇಲೆ, ಸ್ವೀಕರಿಸಿದ್ದಕ್ಕೆ ಸಹಿ ಮಾತ್ರ ಹಾಕಿಕೊಟ್ಟರು.

ಶುಕ್ರವಾರ ವೈವಾ ಕೋಣೆಯಲ್ಲಿ ಉದ್ದ ಮೇಜಿನ ಆ ಬದಿ ಪರೀಕ್ಷಕಿ, ಮುಖ್ಯಸ್ಥರು, ಇನ್ನಿಬ್ಬರು ಅಧ್ಯಾಪಕರು. ಈ ಬದಿ ಆಸ್ಪತ್ರೆ ಅಕ್ಕ. ಮೇಡಂಗೆ ಅಲ್ಲಿ ಕೆಲಸವಿರಲಿಲ್ಲ. ಕೇಳಿಕೊಂಡು ಒಳಗೆ ಬಂದಿದ್ದರು, ನಿಂತೇ ಇದ್ದರು. ಪುಸ್ತಕ, ಕಾರ್ಡು, ತಮ್ಮ ಹಾಳೆ ಮೂರನ್ನೂ ಪರೀಕ್ಷಕಿಯ ಮುಂದಿಟ್ಟು, ಒಂದೂವರೆ ನಿಮಿಷದಲ್ಲಿ ಹೇಳಿ ಮುಗಿಸಿದರು. ಪುಸ್ತಕವನ್ನು ಮೂರು ದಿನ ಬಚ್ಚಿಟ್ಟದ್ದನ್ನೂ ಹೇಳಿದರು. ಅದು ಹಾಳೆಯಲ್ಲಿ ಇರಲಿಲ್ಲ.

ಪರೀಕ್ಷಕಿ ಅರವತ್ತೊಂದನೆಯ ಪುಟ ಓದಿ ತಲೆ ಎತ್ತಿದರು. "ಆಗ ನೀವು ಈ ವರದಿ ನೋಡಿರ್ಲಿಲ್ಲ."

"ಇಲ್ಲ."

"ನೋಡಿದ ಹಾಗೆ ಬರೆದ್ರಿ."

"ಹೌದು."

"ಇಲ್ಲಿ ಇವರಿಗೆ ಆಧಾರ ಹೇಗೆ ಕೊಡ್ಬೇಕು ಅಂತ ಪಾಠ ಮಾಡೋರು ಯಾರು?"

ಇಬ್ಬರು ಅಧ್ಯಾಪಕರೂ ತಮ್ಮ ಮುಂದಿನ ಕಾಗದ ನೋಡಿದರು.

"ನಾನೇ," ಎಂದರು ಮೇಡಂ.

ಪರೀಕ್ಷಕಿ ಪುಸ್ತಕ ಮುಚ್ಚಿದರು. ಬೈದಿದ್ದರೆ ಹಗುರವಾಗುತ್ತಿತ್ತು ಎಂದು ಮೇಡಂಗೆ ಈಗಲೂ ಅನಿಸುತ್ತದೆ. ಪರೀಕ್ಷಕಿ ಅಕ್ಕನ ಕಡೆ ತಿರುಗಿದರು.

"ನೀವೂ ನೋಡದೆ ಹಾಕಿದ್ರಿ. ಅದು ನಿಮ್ಮ ತಪ್ಪೇ. ಆದ್ರೆ ಪುಟ ನೀವು ಹುಟ್ಟಿಸಿದ್ದಲ್ಲ. ಮೂರು ವಾರದಲ್ಲಿ ಮೂರನೇ ಅಧ್ಯಾಯ ಮತ್ತೆ ಬರೀರಿ. ಆ ಕಾಲದಲ್ಲಿ ಗಿರಣೀಲಿ ಇದ್ದವರು ಯಾರಾದ್ರೂ ಸಿಗ್ತಾರಾ?"

"ನಮ್ಮತ್ತೆ ಇದ್ದಾರೆ."

"ಮತ್ತೆ ಇಷ್ಟು ದಿನ ಏನ್ ಮಾಡ್ತಿದ್ರಿ? ಕೂರಿಸಿ, ಕೇಳಿ, ತಾರೀಖು ಹಾಕಿ ಬರ್ಕೊಳ್ಳಿ. ಅವರೊಬ್ಬರೇ ಅಲ್ಲ, ಇನ್ನೂ ನಾಲ್ಕು ಜನ ಹುಡುಕಿ."

ಹೊರಗೆ ಬಂದ ಮೇಲೆ ಮೆಟ್ಟಿಲ ಬಳಿ ಇಬ್ಬರೂ ಒಂದು ಕ್ಷಣ ಒಟ್ಟಿಗೆ ನಿಲ್ಲಬೇಕಾಯಿತು. ಕೆಳಗಿನಿಂದ ತರಗತಿ ಬಿಟ್ಟ ಗುಂಪು ಹತ್ತಿ ಬರುತ್ತಿತ್ತು.

"ಒಳಗೆ ಬಂದು ಹೇಳಿದ್ರಿ. ಅದು ಸುಲಭ ಅಲ್ಲ, ಗೊತ್ತು," ಎಂದರು ಅಕ್ಕ. "ಆದ್ರೆ ಅಟೆಂಡರ್ ಅಣ್ಣ ಆ ಹೊತ್ತಿಗೆ ಗಾಡಿ ತಳ್ಳಿಕೊಂಡು ಬರ್ದೇ ಇದ್ದಿದ್ರೆ ಏನಾಗ್ತಿತ್ತು ಅಂತ ಯೋಚನೆ ಮಾಡ್ತಾ ಇದ್ದೀನಿ ಮೇಡಂ."

"ನಾನೂ," ಎಂದರು ಮೇಡಂ.

ಗುಂಪು ದಾಟಿದ ಮೇಲೆ ಅಕ್ಕ ಇಳಿದು ಹೋದರು. ಅಧ್ಯಾಯ ಹತ್ತೊಂಬತ್ತನೆಯ ದಿನಕ್ಕೆ ಸಿದ್ಧವಾಯಿತು. ಗಿರಣಿಯ ಐವರು ಮುದುಕಿಯರ ಮಾತು ಅದರಲ್ಲಿದೆ. ಅದನ್ನು ತಿದ್ದಿಸಿಕೊಳ್ಳಲು ಅಕ್ಕ ಬೇರೆ ಅಧ್ಯಾಪಕರ ಬಳಿ ಹೋಗಿದ್ದರು.

ಮೇಡಂ ತಮ್ಮ ಹಾಳೆಯ ಒಂದು ಪ್ರತಿಯನ್ನು ವಿಶ್ವವಿದ್ಯಾಲಯಕ್ಕೆ, ಹತ್ತು ಪ್ರತಿಗಳನ್ನು ಉಳಿದ ಹತ್ತು ಜನರಿಗೆ ಕಳಿಸಿದರು. ಮುಖ್ಯಸ್ಥರಿಗೆ ಕಳಿಸುವ ಅಗತ್ಯವಿರಲಿಲ್ಲ. ಹತ್ತರಲ್ಲಿ ಇಬ್ಬರು ಉತ್ತರ ಬರೆದಿದ್ದಾರೆ. ಒಬ್ಬರು ಧನ್ಯವಾದ ಹೇಳಿದ್ದಾರೆ, ಇನ್ನೊಬ್ಬರು ಇನ್ನು ಮುಂದೆ ತಮಗೆ ಪತ್ರ ಬರೆಯಬಾರದೆಂದು ಹೇಳಿದ್ದಾರೆ. ಅಟೆಂಡರ್ ವಿಷಯ ತಿಳಿದ ದಿನದಿಂದ ಮೇಡಂ ಜೊತೆ ಜೋಕು ಮಾಡುವುದನ್ನು ಬಿಟ್ಟಿದ್ದಾರೆ. ತಾವೇನೋ ತಪ್ಪು ಮಾಡಿದ ಹಾಗೆ ಟಪಾಲು ಇಟ್ಟು ಹೋಗುತ್ತಾರೆ.

ವಿಶ್ವವಿದ್ಯಾಲಯದ ಉತ್ತರ ಕಳೆದ ವಾರ ಬಂತು. ಪ್ರಬಂಧವನ್ನು ಪರಿಶೀಲಿಸಲು ಮೂವರ ಸಮಿತಿ ಮಾಡಿದ್ದಾರೆ. ಡಾಕ್ಟರೇಟ್ ಉಳಿಯುತ್ತದೋ ಇಲ್ಲವೋ ಅವರು ತೀರ್ಮಾನಿಸುತ್ತಾರೆ. ಮುಂದಿನ ತಿಂಗಳು ಒಂಬತ್ತನೆಯ ತಾರೀಖು ಬೆಳಿಗ್ಗೆ ಹನ್ನೊಂದಕ್ಕೆ ಹಾಜರಾಗಬೇಕೆಂದು ಪತ್ರದಲ್ಲಿದೆ. ಮೇಡಂ ಆ ದಿನಕ್ಕೆ ರಜೆ ಅರ್ಜಿ ಕೊಟ್ಟಿದ್ದಾರೆ.